ಫ್ಲಾಷ್ ಇಲ್ಲದೆ ತೆಗೆದ ಪಟ

ಆ ಮಗ್ಗದ ಕೋಣೆಗೆ ಕಿಟಕಿ ಇರಲಿಲ್ಲ. ಬೆಳಕು ಬರುತ್ತಿದ್ದುದು ಸೂರಿನಲ್ಲಿ ಕೂರಿಸಿದ್ದ ಒಂದೇ ಒಂದು ಗಾಜಿನ ಹೆಂಚಿನಿಂದ. ಹೆಂಚಿನ ಮೇಲೆ ಯಾವಾಗಲೂ ಧೂಳು ಕೂತಿರುತ್ತಿದ್ದರಿಂದ ಮಟಮಟ ಮಧ್ಯಾಹ್ನದಲ್ಲೂ ಕೆಳಗೆ ಬೀಳುತ್ತಿದ್ದುದು ನೀರು ಮಜ್ಜಿಗೆಯಂಥ ಬೆಳಕು. ಮಗ್ಗದ ಕೆಳಗಿನ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುವವರಿಗೆ ಅಷ್ಟು ಸಾಕಾಗುತ್ತಿತ್ತು, ಅವರ ಕಣ್ಣು ಅದಕ್ಕೆ ಒಗ್ಗಿಕೊಂಡಿತ್ತು. ನನ್ನ ಕ್ಯಾಮೆರಾಗೆ ಸಾಕಾದೀತೇ ಎಂಬುದು ನನಗೆ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ತೆಗೆದ ಒಂದು ಪಟದ ಬಗ್ಗೆ ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಳ್ಳುತ್ತ, ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ನೋಡಿದ್ದನ್ನು ನೋಡಿದ ಕ್ರಮದಲ್ಲೇ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಲೇಪಾಕ್ಷಿ ಪಕ್ಕದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ, ಕನ್ನಡ ತೆಲುಗು ಎರಡೂ ಆಡುವ ಹಿಂದೂಪುರಕ್ಕೆ ಬಂದು, ನೇಕಾರರ ಬೀದಿಯ ತಿರುವಿನಲ್ಲಿದ್ದ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ಸ್ಟುಡಿಯೋದ ಯಜಮಾನರು ಮದುವೆಗಳಿಗೆ ಪೆಟ್ಟಿಗೆಯಂಥ ದೊಡ್ಡ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಹೋಗುತ್ತಿದ್ದರು. ಜೊತೆಗೆ ತಟ್ಟೆಯಷ್ಟು ಅಗಲದ ಫ್ಲಾಷ್. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸಣ್ಣ ಕ್ಯಾಮೆರಾ, ಎರಡು ಅಂಗೈಯೊಳಗೆ ಮುಚ್ಚಿಹೋಗುವಷ್ಟು. ಅದರ ಮುಂದಿನ ಲೆನ್ಸನ್ನು ತಿರುಗಿಸಿ ಬಿಚ್ಚಿ ಬೇರೊಂದು ಲೆನ್ಸ್ ಹಾಕಬಹುದಿತ್ತು. ಮೊದಲಿದ್ದ ಲೆನ್ಸ್ ಬಿಸಿಲಿಗೆ ಮಾತ್ರ ಲಾಯಕ್ಕು. ಆಮೇಲೆ ಬೆಂಗಳೂರಿನ ಒಬ್ಬ ರಿಪೇರಿಯವನ ಹತ್ತಿರ ಬಾಯಿ ಅಗಲವಾದ ಇನ್ನೊಂದು ಸಿಕ್ಕಿತು. ಅದರ ಗಾಜಿನೊಳಗೆ ನೋಡಿದರೆ ಬಾವಿಯೊಳಗೆ ಇಣುಕಿದ ಹಾಗಾಗುತ್ತಿತ್ತು.

ಅಗಲ ಬಾಯಿಯ ಲೆನ್ಸ್ ಎಂದರೆ ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುತ್ತದೆ. ಆದರೆ ಅದು ಸ್ಪಷ್ಟವಾಗಿ ಹಿಡಿಯುವುದು ಎಲೆಯಷ್ಟು ತೆಳುವಾದ ಒಂದು ಪದರವನ್ನು ಮಾತ್ರ. ಫೋಕಸನ್ನು ಮೂಗಿಗೆ ಕೂಡಿಸಿದರೆ ಕಿವಿ ಮಸುಕು, ಕಿವಿಗೆ ಕೂಡಿಸಿದರೆ ಮೂಗು ಮಸುಕು. ಅಷ್ಟಾದರೂ ಕತ್ತಲ ಕೋಣೆಯಲ್ಲಿ ಶಟರನ್ನು ನಿಧಾನಕ್ಕೆ ಬಿಡಲೇಬೇಕು. ಆ ಹೊತ್ತಿನಲ್ಲಿ ನನ್ನ ಕೈಯೂ ಅಲುಗಬಾರದು, ಎದುರಿಗಿರುವವರೂ ಅಲುಗಬಾರದು. ಕಡಿಮೆ ಬೆಳಕಿಗೂ ಒದಗುವ ವೇಗದ ಫಿಲಂ ಹಾಕಿದರೆ ಪಟದ ತುಂಬ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಇದನ್ನೆಲ್ಲ ನಾನು ಸ್ಟುಡಿಯೋದ ಬಾಗಿಲು ಹಾಕಿಕೊಂಡು ಗೋಡೆಯ ಕ್ಯಾಲೆಂಡರಿನ ಪಟ ತೆಗೆದು ತೆಗೆದು ಕಲಿತೆ. ಯಜಮಾನರಿಗೆ ನಗು.

"ಏಮಿರಾ, ದೀಪ ಆರ್ಸಿ ಪಟ ತೆಗೀತೀಯಂತೆ? ಬೆಕ್ಕೇನ್ಲಾ ನೀನು?"

ಅವರ ಕೈಚಳಕ ಇದ್ದದ್ದು ಫಿನಿಶಿಂಗ್‌ನಲ್ಲಿ. ಪ್ರಿಂಟ್ ಒಣಗಿದ ಮೇಲೆ, ನೀರಿನಲ್ಲಿ ಕರಗುವ ಕಪ್ಪು, ಬಿಳಿ ಬಣ್ಣದ ಬಿಲ್ಲೆಗಳು ಮತ್ತು ನಾಲ್ಕಾರು ಕೂದಲಿನ ಕುಂಚ ಹಿಡಿದು ಕೂರುತ್ತಿದ್ದರು. ಫ್ಲಾಷಿಗೆ ಕಣ್ಣು ಮುಚ್ಚಿದವರಿಗೆ ಕಣ್ಣು ತೆರೆಸುತ್ತಿದ್ದರು, ಅಳಿಸಿಹೋದ ಹುಬ್ಬನ್ನು ತೀಡುತ್ತಿದ್ದರು. ಕಪ್ಪು ಬಿಳುಪಿನ ಫಿಲಮಿನಲ್ಲಿ ಕುಂಕುಮದ ಕೆಂಪು ಮೈಬಣ್ಣದೊಳಗೆ ಕರಗಿ ಹೋಗುತ್ತಿತ್ತು. ಮುತ್ತೈದೆಯ ಹಣೆ ಬರಿದಾಗಿ ಕಂಡಿತೆಂದು ಜನ ಪಟ ಹಿಡಿದುಕೊಂಡು ಜಗಳಕ್ಕೆ ಬರುತ್ತಿದ್ದರು. ಹಾಗಾಗಿ ಹೆಂಗಸಿನ ಮುಖ ಕಂಡರೆ ಅವರ ಕೈ ಮೊದಲು ಬೊಟ್ಟಿಡುತ್ತಿತ್ತು, ಆಮೇಲೆ ಉಳಿದದ್ದು.

ಸ್ಟುಡಿಯೋಗೆ ನೀರಿನ ಅನುಕೂಲ ಇರಲಿಲ್ಲ. ಪ್ರಿಂಟ್ ತೊಳೆಯಲು ನಾನು ಹಿಂದಿನ ಓಣಿಯ ಒಂದು ನೇಕಾರರ ಮನೆಯ ಬಾವಿಗೆ ಹೋಗುತ್ತಿದ್ದೆ. ಆ ಮನೆಯಲ್ಲಿ ಇದ್ದವರು ತಾಯಿ, ಮಗಳು ಇಬ್ಬರೇ. ಗಂಡ ತೀರಿಕೊಂಡಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳಂತೆ. ತಾಯಿ ಮಗ್ಗ ನಡೆಸಿಯೇ ಅವಳನ್ನು ಬೆಳೆಸಿದ್ದರು. ನಂಟಲ್ಲದಿದ್ದರೂ ನಾನು ಅವರನ್ನು ಅತ್ತೆ ಎನ್ನುತ್ತಿದ್ದೆ. ಬೀದಿಯ ಕಡೆ ಅವರು ಬರುತ್ತಲೇ ಇರಲಿಲ್ಲ. ನಮ್ಮ ಯಜಮಾನರು ಅಷ್ಟು ವರ್ಷ ಅದೇ ತಿರುವಿನಲ್ಲಿ ಇದ್ದರೂ ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಮಗಳಿಗೆ ಕಲ್ಯಾಣದುರ್ಗದಲ್ಲಿ ಸಂಬಂಧ ಕೂಡಿಬಂತು. ಮದುವೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಅವಳು ಬಾವಿಕಟ್ಟೆಗೆ ಬಂದು, ನಾನು ತೊಳೆಯುತ್ತಿದ್ದ ಯಾರದೋ ಮದುವೆಯ ಪಟಗಳನ್ನು ಬಗ್ಗಿ ನೋಡಿದಳು.

"ಅಣ್ಣಾ, ಈ ಮದ್ಲಗಿತ್ತಿ ಪಕ್ದಾಗೆ ಇರೋದು ಯಾರು?"

"ಅವಳ ಅಮ್ಮ."

ಅವಳು ಬಿಂದಿಗೆ ಕೆಳಗಿಟ್ಟಳು. "ನನ್ ಪಕ್ಕ ಯಾರ್ನ ನಿಲ್ಲಿಸ್ತೀಯಾ?"

ನಾನು ಪ್ರಿಂಟನ್ನು ನೀರಿನಲ್ಲಿ ಮಗುಚಿ ಹಾಕಿದೆ.

"ನಮ್ಮಮ್ಮ ಚಪ್ಪರದ ಕಡೀಕೆ ಬರಾಕಿಲ್ಲ ಅಂತ ನಿಂಗೂ ಗೊತ್ತು. ಮಗ್ಗದ ಕ್ವಾಣೇಲಿ ಕೂತ್ಕಂಬುಡ್ತಾಳೆ. ನಾನು ಆ ಊರಿಗೆ ಹೋದ್ಮ್ಯಾಕೆ ಅವ್ಳ ಮುಖ ನೋಡ್ಬೇಕು ಅನ್ನಿಸಿದ್ರೆ ಏನ್ ಮಾಡ್ಲಿ? ಒಂದು ಪಟ ಬೇಕಣ್ಣ. ಒಂದೇ ಒಂದು."

"ಕರ್ಕೊಂಡು ಬಾ, ಸ್ಟುಡಿಯೋದಾಗೇ ತೆಗೀತೀನಿ."

"ಬತ್ತಾಳೆ ಅವ್ಳು! ಕೇಳಿದ್ದಕ್ಕೆ, 'ನಂಗ್ಯಾಕೆ ಶೋಕಿ, ಜನ ನಕ್ಕಾರು' ಅಂದ್ಲು. ಮದ್ವೆ ದಿನ ಒಳ್ಗೇ ಹೋಗಿ ತೆಗಿ. ಫ್ಲಾಷ್ ಮಾತ್ರ ಬ್ಯಾಡ. ಅದು ಹೊಡುದ್ರೆ ಚಪ್ಪರದಾಗಿರೋರೆಲ್ಲ ತಿರುಗಿ ನೋಡ್ತಾರೆ, ಅಮ್ಮ ಸೆರಗು ಮುಚ್ಕಂಡು ಎದ್ದೋಯ್ತಾಳೆ. ನಿನ್ ಆ ಸಣ್ದದ್ರಾಗೆ ಆಯ್ತದಾ?"

"ಆಗಬಹುದು."

"ಆಗ್ಬೋದು ಅಲ್ಲಣ್ಣ. ಆಯ್ತದೆ ಅನ್ನು."

ಆಯ್ತದೆ ಅಂದೆ.

ಮದುವೆ ಬೆಳಗ್ಗೆ, ಮನೆಯ ಮುಂದೆಯೇ. ಯಜಮಾನರು ಚಪ್ಪರದಲ್ಲಿ ಫ್ಲಾಷ್ ಹೊಡೆಯುತ್ತಿದ್ದರು. ಮುಹೂರ್ತ ಹತ್ತಿರವಾದಾಗ ನಾನು ಒಳಗೆ ಹೋದೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ರಾಟೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಮಗ್ಗದ ಕಂಬ, ಗುಣಿ, ಅದರ ಪಕ್ಕದಲ್ಲಿ ಗಾಜಿನ ಹೆಂಚಿನ ಕೆಳಗೆ ಕೂತು ಕಂಡಿಕೆ ಕೊಳವೆಗೆ ರೇಷ್ಮೆ ಸುತ್ತುತ್ತಿದ್ದ ಅತ್ತೆ, ಎಲ್ಲ ಒಂದೊಂದಾಗಿ ಕಾಣಿಸಿತು.

"ಬಾರಪ್ಪ. ತಿಂಡಿ ತಿಂದ್ಯಾ?"

"ಆಯ್ತು ಅತ್ತೆ. ಇವತ್ತೂ ರಾಟೆನಾ?"

"ಸುಮ್ಕೆ ಕೂತ್ರೆ ಅಳು ಬತ್ತದೆ ಕಣಪ್ಪ. ಮದ್ವೆ ಮನ್ಯಾಗೆ ಅಳ್ಬಾರ್ದು." ಅಷ್ಟರಲ್ಲಿ ನನ್ನ ಕೈ ನೋಡಿದರು. "ಏನ್ಲಾ ಅದು, ನನ್ ಕಡೀಕೆ ಹಿಡ್ದಿದೀಯಾ?"

"ಪಟ ತೆಗೀತೀನಿ ಅತ್ತೆ."

"ಬೆಳಕೇ ಇಲ್ಲ, ಎಲ್ಲಿಂದ ಬೀಳ್ತದೆ ಪಟ? ಫ್ಲಾಷ್ ಉರೀಲಿಲ್ಲ ಅಂದ್ರೆ ಬೀಳಾಕಿಲ್ಲ ಅಂತ ಚಿಕ್ ಮಕ್ಳಿಗೂ ಗೊತ್ತು."

"ಇದ್ರಾಗೆ ಬೀಳ್ತದೆ. ನಿಜವಾಗ್ಲೂ."

"ಹೋಗ್ಲಾ, ಬುರುಡೆ ಬಿಡ್ತೀಯಾ!" ಅತ್ತೆ ನಕ್ಕರು. "ತೆಗಿ ತೆಗಿ. ನಿನ್ ಫಿಲಮು ದಂಡ, ನಂದೇನು ಹೋಯ್ತದೆ?"

ಆ ನಗು ಆ ದಿನ ನನಗೆ ಒಪ್ಪಿಗೆಯ ಹಾಗೆ ಕೇಳಿಸಿತು. ಪಟ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಒಪ್ಪಿಗೆಯಾಗುತ್ತದೆಯೇ ಎಂದು ನಾನು ಆಗ ಯೋಚಿಸಲಿಲ್ಲ.

ಬೆಳಕು ಅಳೆಯುವ ಮೀಟರಿನ ಮುಳ್ಳು ಮೇಲಕ್ಕೇಳಲೇ ಇಲ್ಲ. ಮಗ್ಗದ ಕಂಬಕ್ಕೆ ಭುಜ ಒತ್ತಿ ಹಿಡಿದು, ಲೆನ್ಸ್ ಪೂರ್ತಿ ತೆರೆದು, ಉಸಿರು ಕಟ್ಟಿಕೊಂಡೆ. ಅವರ ಕೈ ರಾಟೆ ತಿರುಗಿಸುತ್ತಲೇ ಇತ್ತು, ತಲೆಯೂ ಅದರೊಂದಿಗೆ ತೂಗುತ್ತಿತ್ತು. ಹೀಗಾದರೆ ಬರುವುದಿಲ್ಲ ಎಂದು ತಿಳಿದೂ ಒತ್ತಿದೆ. ಅಷ್ಟರಲ್ಲಿ ಹೊರಗೆ ವಾಲಗ ಜೋರಾಯಿತು. ತಾಳಿ ಕಟ್ಟುವ ಹೊತ್ತು. ಅತ್ತೆಯ ಕೈ ನಿಂತಿತು. ಕತ್ತು ಬಾಗಿಲ ಕಡೆ ತಿರುಗಿತು, ಹಾಗೆಯೇ ಉಳಿಯಿತು. ಉಸಿರಾಡುತ್ತಿದ್ದರೋ ಇಲ್ಲವೋ. ವಾಲಗ ಇಳಿಯುವವರೆಗೂ ಅವರು ಅಲುಗಲಿಲ್ಲ. ಆಗ ತೆಗೆದದ್ದು ಮಾತ್ರ ಬಂತು.

ಬಂತು ಎಂದೆ. ಎಷ್ಟು ಬಂತು ಎಂಬುದನ್ನೂ ಹೇಳಬೇಕು. ನೆಗೆಟಿವ್ ತೀರ ತೆಳುವಾಗಿತ್ತು. ಬೆಳಕು ನೆತ್ತಿಯ ಮೇಲಿಂದ ಬಿದ್ದಿದ್ದರಿಂದ ನೆರೆತ ಕೂದಲು, ಹಣೆ, ಮೂಗಿನ ಅಂಚು, ರೇಷ್ಮೆ ಎಳೆ ಹಿಡಿದ ಬೆರಳು ಕಾಣುತ್ತಿದ್ದವು. ಹುಬ್ಬಿನ ಕೆಳಗೆ ನೆರಳು. ನೆಗೆಟಿವ್‌ನಲ್ಲಿ ನೆರಳು ಎಂದರೆ ಖಾಲಿ ಜಾಗ. ಕಣ್ಣುಗಳು ಇರಬೇಕಾದ ಕಡೆ ಫಿಲಂ ಬರಿಯ ಗಾಜಿನಂತೆ ತಿಳಿಯಾಗಿತ್ತು. ಕಪ್ಪು ಬಿಳುಪನ್ನು ಎತ್ತಿ ತೋರಿಸುವ ಗಡಸು ಪೇಪರಿನ ಮೇಲೆ ಅಚ್ಚು ಹಾಕಿದೆ. ಬೂದಿ ಬಣ್ಣದ ಮುಖವೊಂದು ಬಂತು. ಗೊತ್ತಿದ್ದವರಿಗೆ ಗುರುತು ಸಿಗುವಂಥದ್ದು. ಅದನ್ನು ಮದುವೆಯ ಉಳಿದ ಪ್ರಿಂಟುಗಳ ಜೊತೆ ಒಣಗಲು ಹಾಕಿ, ಮಾರನೆಯ ದಿನ ಗೋರಂಟ್ಲದ ಒಂದು ಮದುವೆಗೆ ಹೋದೆ. ಲಗ್ನದ ದಿನಗಳು, ಅಲ್ಲಿಂದ ಇನ್ನೊಂದು ಊರು. ವಾಪಸು ಬರುವಷ್ಟರಲ್ಲಿ ಅಳಿಯ ಬಂದು ಎಲ್ಲ ಪಟ ತೆಗೆದುಕೊಂಡು ಹೋಗಿದ್ದ.

"ಆ ಒಳ್ಗಿಂದ ಪಟಾನೂ ಕೊಟ್ರಾ?" ಎಂದು ಯಜಮಾನರನ್ನು ಕೇಳಿದೆ.

"ಎಲ್ಲಾ ಕೊಟ್ಟೆ. ಒಂದು ಭಾಳ ಮಬ್ಬಾಗಿತ್ತು ಕಣ್ಲಾ, ಕಷ್ಟಬಿದ್ದು ಮನುಷ್ಯರಂಗೆ ಮಾಡ್ದೆ. ನಿನ್ ಬೆಕ್ಕಿನ ಕಣ್ಣಿಗಿಂತ ನನ್ ಕುಂಚ ವಾಸಿ."

ಅವರು ನಕ್ಕರು, ನಾನೂ ನಕ್ಕೆ. ಏನು ಮಾಡಿದಿರಿ ಎಂದು ಕೇಳಲಿಲ್ಲ.

ಮರುವರ್ಷ ಮಗಳು ಬಾಣಂತನಕ್ಕೆ ತಾಯಿಯ ಮನೆಗೆ ಬಂದಳು. ಬಾವಿಕಟ್ಟೆಯಲ್ಲಿ ಒಮ್ಮೆ ಅಮ್ಮನಿಗೆ ಕೇಳಿಸದಂತೆ, "ಪಟ ಭಾಳ ಚೆಂದಾಗೈತಣ್ಣ. ದಿನಾ ಎದ್ದು ಅದ್ನೇ ನೋಡೋದು. ಅಮ್ಮಂಗೆ ಹೇಳಿಲ್ಲ, ಅಲ್ಲಿಗೆ ಬಂದಾಗ ತೋರಿಸ್ತೀನಿ" ಎಂದಳು. ಅವಳ ಮುಖ ಅರಳಿತ್ತು. ನನಗೆ ಹೆಮ್ಮೆಯಾಯಿತು.

ಹೆರಿಗೆಯಾಗಿ ಐದು ತಿಂಗಳಾದ ಮೇಲೆ ಮಗುವನ್ನು ಕಲ್ಯಾಣದುರ್ಗಕ್ಕೆ ಕರೆದೊಯ್ದು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅತ್ತೆ ಬೀಗರ ಮನೆಗೆ ಹೋಗುತ್ತಿದ್ದುದು ಅದೇ ಮೊದಲು. ಪಟ ತೆಗೆಯಲು ನನ್ನನ್ನೂ ಕರೆದರು. ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅತ್ತೆ ಮಗುವಿನ ಮುಖಕ್ಕೆ ಧೂಳು ಬೀಳದಂತೆ ಸೆರಗು ಹಿಡಿದೇ ಕೂತಿದ್ದರು.

ಬೀಗರ ಮನೆ ತುಂಬ ಜನ. ಬ್ರಹ್ಮಸಮುದ್ರದ ಕಡೆಯ ನಂಟರು ಬಸ್ಸಿಳಿದು ಬರುತ್ತಲೇ ಇದ್ದರು. ಅಳಿಯನ ತಾಯಿ, ಬೀಗಿತ್ತಿ, ತೆಲುಗು ಬೆರೆಸಿ ಮಾತಾಡುವ ದೊಡ್ಡ ಗಂಟಲಿನ, ಒಳ್ಳೆಯ ಹೆಂಗಸು.

"ರಾ ವದಿನಾ, ಬಾ ಅತ್ತಿಗೆ, ಇಲ್ಲೇ ಕೂತ್ಕೋ, ತೊಟ್ಟಿಲ ಹತ್ರ," ಎಂದು ನಮ್ಮ ಅತ್ತೆಯ ಕೈ ಹಿಡಿದರು.

"ನೀವು ಮಾಡ್ರಮ್ಮ. ನಾನು ಒಳ್ಗಿರ್ತೀನಿ," ಎಂದು ಅತ್ತೆ ಕೈ ಬಿಡಿಸಿಕೊಂಡು ಒಳಕೋಣೆಗೆ ಹೋದರು. ಅದು ಮಗಳು ಅಳಿಯನ ಕೋಣೆ.

ಶಾಸ್ತ್ರದ ನಡುವೆ ನನ್ನ ಫಿಲಂ ಮುಗಿಯಿತು. ಬೆಳಕು ತಾಗದ ಕಡೆ ರೋಲ್ ಬದಲಿಸಬೇಕೆಂದು ನಾನೂ ಅದೇ ಕೋಣೆಗೆ ಹೋದೆ. ಅತ್ತೆ ಕೂತಿರಲಿಲ್ಲ. ಗೋಡೆಯ ಗೂಡಿನ ಮುಂದೆ ನಿಂತಿದ್ದರು. ಗೂಡಿನಲ್ಲಿ ರಟ್ಟಿಗೆ ಅಂಟಿಸಿದ ಪಟವಿತ್ತು, ಅದರ ಮುಂದೆ ಒಂದು ಕನಕಾಂಬರದ ಹೂ. ಗಾಜು, ಕಟ್ಟು ಇನ್ನೂ ಹಾಕಿಸಿರಲಿಲ್ಲ.

ಅವರ ಹೆಗಲ ಮೇಲಿಂದ ನಾನು ಅದನ್ನು ನೋಡಿದೆ. ಕೂದಲು, ಮೂಗು, ಬೆರಳು ನನ್ನ ಲೆನ್ಸ್ ಹಿಡಿದಂಥವು. ಹುಬ್ಬು ಕಮಾನಾಗಿತ್ತು. ಕಣ್ಣುಗಳು ದೊಡ್ಡದಾಗಿ ತೆರೆದು, ಬಾಗಿಲ ಕಡೆಯಲ್ಲ, ನೇರವಾಗಿ ನೋಡುವವರ ಕಡೆಗೇ ನೋಡುತ್ತಿದ್ದವು. ಹಣೆಯ ನಡುವೆ ಕಪ್ಪಗೆ, ದುಂಡಗೆ ಒಂದು ಬೊಟ್ಟಿತ್ತು.

"ಯಾರಪ್ಪಾ ಇವ್ಳು?" ಎಂದರು ಅತ್ತೆ. ಅವರು ಸೀರೆಯ ಅಂಚನ್ನು ನೋಡಿದರು, ಬೆರಳು ನೋಡಿದರು. "ಅಯ್ಯೋ, ನಮ್ ಮಗ್ಗದ ಕ್ವಾಣೆ. ಬಿದ್ದೈತಲ್ಲಪ್ಪ."

ಆಗ ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. "ನೋಡ್ಬುಟ್ಯಾ? ನಾನೇ ತೋರಿಸ್ಬೇಕು ಅಂದ್ಕಂಡಿದ್ದೆ. ಎಂಗೈತಮ್ಮ?"

"ಹಣೆ ಮ್ಯಾಲಿರೋದು ಯಾರು ಇಟ್ಟಿದ್ದು?"

"ಸ್ಟುಡಿಯೋದೋರು ಇಟ್ಟವ್ರೆ. ಇರ್ಲಿ ಬಿಡಮ್ಮ. ನಾನು ನಿನ್ನ ಹಂಗೆ ನೋಡೇ ಇರ್ಲಿಲ್ಲ. ಅಪ್ಪ ಇದ್ದಾಗ ಹಿಂಗೇ ಇದ್ದೆ ಅಲ್ವಾ? ನಂಗೆ ಅದೇ ಬೇಕು."

ದನಿ ಕೇಳಿ ಬೀಗಿತ್ತಿಯೂ ಬಂದು ಬಾಗಿಲಲ್ಲಿ ನಿಂತರು. "ಬೊಟ್ಟಿದ್ರೆ ಏಮೈಂದಿ ವದಿನಾ? ಲಕ್ಷಣಂಗಾ ಉಂದಿ, ಲಕ್ಷಣವಾಗೈತೆ. ನಮ್ಮನ್ಯಾಗೆ ಯಾರೂ ಏನೂ ಅನ್ನಾಕಿಲ್ಲ."

ಅತ್ತೆ ಅವರ ಕಡೆ ತಿರುಗಲಿಲ್ಲ. ಮಗಳಿಗೆ ಹೇಳಿದರು, ಕೂಗಾಡಲಿಲ್ಲ, ಮೆಲ್ಲಗೆ.

"ನಿಮ್ಮಪ್ಪ ಹೋದಾಗ ಬಳಗದೋರು ಹಿಡ್ಕಂಡು ಬೊಟ್ಟು ಅಳಿಸಿದ್ರು. ನನ್ನ ಕೇಳ್ಲಿಲ್ಲ. ಈಗ ಇಟ್ಟೋರೂ ಕೇಳ್ಲಿಲ್ಲ."

ಮೂಲೆಯಲ್ಲಿದ್ದ ಚೆಂಬಿನ ನೀರಿಗೆ ಸೆರಗಿನ ತುದಿ ಅದ್ದಿದರು. ಏನು ಮಾಡಲಿದ್ದಾರೆಂದು ನನಗೆ ತಿಳಿಯಿತು. ಆ ಬಣ್ಣ ನೀರಿಗೆ ನಿಲ್ಲುವುದಿಲ್ಲ ಎಂಬುದೂ ತಿಳಿದಿತ್ತು. "ಅತ್ತೆ, ಒದ್ದೆ ಬಟ್ಟೆ ಬ್ಯಾಡ, ನಾನು ಹಿಂದೂಪುರಕ್ಕೆ ತಗೊಂಡೋಗಿ ಸರಿ ಮಾಡ್ತೀನಿ" ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಪಟವನ್ನು ಎಡಗೈಯಲ್ಲಿ ಹಿಡಿದು, ಮಗುವಿನ ಮುಖ ಒರೆಸುವ ಹಾಗೆ ಹಣೆಯನ್ನು ಒರೆಸಿದರು. ಬೊಟ್ಟು ಒಂದೇ ಸಲಕ್ಕೆ ಬಿಟ್ಟುಕೊಂಡು ಕಪ್ಪು ನೀರಾಗಿ ಹುಬ್ಬಿನ ಮೇಲೆ ಇಳಿಯಿತು. ಅದನ್ನು ಒರೆಸಲು ಹೋದರೆ ಹುಬ್ಬು ಹೋಯಿತು. ಹುಬ್ಬಿನ ಜೊತೆ ಕಣ್ಣು. ಯಾವುದು ಯಜಮಾನರು ಬರೆದದ್ದು, ಯಾವುದು ತಾವು ಎಂದು ಅವರಿಗೆ ಗೊತ್ತಾಗುವಂತಿರಲಿಲ್ಲ. ಬಣ್ಣ ಬರುವುದು ನಿಲ್ಲುವವರೆಗೂ ಒರೆಸಿದರು. ಕೊನೆಗೆ ಉಳಿದದ್ದು ನನ್ನ ಲೆನ್ಸ್ ಕಂಡಷ್ಟು ಮಾತ್ರ.

ಮಗಳು "ಅಮ್ಮಾ" ಎಂದಳು. ಮಗು ಅಳತೊಡಗಿತು. ಅತ್ತೆ ಪಟವನ್ನು ಗೂಡಿನಲ್ಲಿ ಇದ್ದ ಜಾಗಕ್ಕೇ ಇಟ್ಟು ಮಗುವನ್ನು ಎತ್ತಿಕೊಂಡರು. ಅವರ ಸೆರಗಿನ ತುದಿ ಕಪ್ಪಾಗಿತ್ತು. ಊಟಕ್ಕೆ ಕೂತಾಗಲೂ ಅದು ಹಾಗೇ ಇತ್ತು. ಅದೇ ದಿನ ಹಿಂದಿರುಗಿದೆವು. ಆ ಮನೆಗೆ ಅವರು ಮತ್ತೆ ಹೋಗಲಿಲ್ಲ. ಮಗಳು ಕರೆದಾಗೆಲ್ಲ, "ನೀನೇ ಬಾರಮ್ಮ, ಮಗೀನ ಕರ್ಕಂಡು" ಎನ್ನುತ್ತಿದ್ದರು. ಕೋಪದಿಂದಲ್ಲ. ಹಾಗಾಗಿಯೇ ಮಗಳಿಗೆ ಜಗಳವಾಡಲೂ ಆಗಲಿಲ್ಲ.

ಯಜಮಾನರಿಗೆ ಹೇಳಿದೆ. ಅವರು ಕುಂಚ ಕೆಳಗಿಟ್ಟರು.

"ಮದ್ವೆ ಪಟದ ಗುಂಪಿನಾಗಿತ್ತು ಕಣ್ಲಾ. ಮದ್ವೆ ಪಟದಾಗೆ ಬೊಟ್ಟಿಲ್ದಿರೋ ಹೆಂಗ್ಸು ಯಾಕಿರ್ತಾಳೆ ಅಂದ್ಕಂಡೆ. ಇಷ್ಟು ವರ್ಷದಾಗೆ ಒಬ್ರೂ ಇರ್ಲಿಲ್ಲ."

ಅದು ನಿಜ. ನಾನೂ ಅಂಥ ಒಬ್ಬರನ್ನೂ ಮದುವೆಯ ಪಟದಲ್ಲಿ ನೋಡಿರಲಿಲ್ಲ.

ಆಮೇಲೆ ನಾನು ಆ ನೆಗೆಟಿವ್ ತೆಗೆದು ಮತ್ತೆ ಮತ್ತೆ ಅಚ್ಚು ಹಾಕಿದೆ. ಬೇರೆ ಪೇಪರ್, ಬೇರೆ ಹೊತ್ತು, ಕಣ್ಣಿನ ಜಾಗಕ್ಕೆ ಕೈ ಅಡ್ಡ ಹಿಡಿದು ನೆರಳು ತೆಳುವಾಗಿಸಿ. ಕಪ್ಪಿದ್ದದ್ದು ಬೂದಿಯಾಯಿತು, ಕಣ್ಣು ಬರಲಿಲ್ಲ. ಇಲ್ಲದ್ದನ್ನು ಅಚ್ಚು ಹಾಕಲಾಗುವುದಿಲ್ಲ. ಇದ್ದುದರಲ್ಲಿ ವಾಸಿಯಾದದ್ದನ್ನು ಮಗಳಿಗೆ ಕಳಿಸಿದೆ. ಮುಂದಿನ ಸಲ ಬಂದಾಗ ಅವಳು ಅದನ್ನು ಹಾಳೆಯಲ್ಲಿ ಸುತ್ತಿ ತಂದು ಕೊಟ್ಟಳು.

"ತಪ್ಪು ತಿಳ್ಕಬ್ಯಾಡ ಅಣ್ಣಾ. ಅದ್ರಾಗೆ ಅಮ್ಮ ನನ್ನ ನೋಡ್ತಿದ್ಲು. ಇದ್ರಾಗೆ ನೋಡ್ತಾ ಇಲ್ಲ."

ಅತ್ತೆಯನ್ನು ನಾನು ಒಮ್ಮೆ ಕೇಳಿದೆ. ಅಂಗಳದಲ್ಲಿ, ಹಗಲಿನಲ್ಲಿ, ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತರೆ ಸಾಕು, ಯಾರೂ ಕೈ ಹಚ್ಚುವುದಿಲ್ಲ, ಇದ್ದ ಹಾಗೇ ಬರುತ್ತದೆ ಎಂದೆ.

"ಒಂದ್ಸಲ ನೋಡ್ಕಂಡೆನಲ್ಲಪ್ಪ. ಸಾಕು," ಎಂದು ನೀರು ಸೇದಿ ನನ್ನ ಬಕೆಟ್ಟಿಗೆ ಹಾಕಿದರು. ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆ ತೀರಿಕೊಂಡರು. ಯಜಮಾನರು ಅದಕ್ಕೂ ಮೊದಲೇ ಹೋಗಿದ್ದರು, ಸ್ಟುಡಿಯೋ ನನ್ನ ಕೈಗೆ ಬಂದಿತ್ತು. ತಿಥಿಗೆ ಮುಂಚೆ ಮಗಳು ಬಂದಳು. ಅವಳ ಕೂದಲಲ್ಲೂ ಬಿಳಿ ಕಾಣಿಸಿಕೊಂಡಿತ್ತು.

"ಆ ವಾಪಸು ಕೊಟ್ಟಿದ್ನಲ್ಲ, ಅದು ಐತಾ ಅಣ್ಣಾ? ಇಡಾಕೆ ಒಂದು ಪಟ ಬೇಕು. ಬ್ಯಾರೆ ಯಾವ್ದೂ ಇಲ್ಲ."

ತೆಗೆದುಕೊಟ್ಟೆ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಇಟ್ಟಿದ್ದ ಒಂದು ಅಂಗಡಿ ಆಗ ಹೊಸದಾಗಿ ತೆರೆದಿತ್ತು. ಹಳೆಯ ಪಟಗಳನ್ನು ಅಲ್ಲಿ ತಿದ್ದಿಕೊಡುತ್ತಿದ್ದರು. "ಬೇಕಿದ್ರೆ ಅಲ್ಲಿ ಕಣ್ಣು ಕೂಡಿಸ್ತಾರೆ. ನಿನ್ನ ಕಣ್ಣೇ ನೋಡಿ ಕೂಡಿಸಬಹುದು, ನಿಮ್ಮಿಬ್ಬರದೂ ಒಂದೇ ಥರ. ಬೊಟ್ಟು ಇಡೋದಿಲ್ಲ," ಎಂದೆ.

ಅವಳು ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತ ನಿಂತಳು.

"ಬ್ಯಾಡಣ್ಣ," ಎಂದಳು. "ಈಗ ಯಾರ್ನ ಕೇಳಿ ಬರಿಯಾದು?"

ಪಟವನ್ನು ಚೀಲದಲ್ಲಿ ಹಾಕಿಕೊಂಡು ಬಿಸಿಲಿಗೆ ಇಳಿದಳು.